20 ಲೀಟರ್ ಕ್ಯಾನ್ ಕಲಿಸಿದ ಪಕ್ಕೆಯ ಪಾಠ

ಜನವರಿಯ ಒಂದು ಸೋಮವಾರ. ಬೆಳಗ್ಗೆ ಒಂಬತ್ತೂಮುಕ್ಕಾಲು. ಹತ್ತು ಗಂಟೆಗೆ ಟೀಮ್ ಮೀಟಿಂಗ್. ನೀರಿನ ಕ್ಯಾನ್ ತರುವ ಹುಡುಗ ಬಾಗಿಲ ಹತ್ತಿರವೇ ಕ್ಯಾನ್ ಇಟ್ಟು ಹೋಗಿದ್ದ. ಒಂದು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಬಗ್ಗಿದೆ, ಎತ್ತಿದೆ, ಎಡಕ್ಕೆ ತಿರುಗಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕೋಕೆ ಹೋದೆ. ಸೊಂಟದ ಎಡಗಡೆ ಚಳಕ್ ಅಂತು. ಕ್ಯಾನ್ ಕೈಜಾರಿತು. ಹಾಲ್ ತುಂಬಾ ನೀರು, ಅದರ ಮಧ್ಯೆ ಅರ್ಧ ಬಗ್ಗಿದ ಹಾಗೇ ನಾನು. ನೆಟ್ಟಗಾಗೋಕೆ ಆಗ್ತಿಲ್ಲ, ಕೂರೋಕೂ ಆಗ್ತಿಲ್ಲ.

ನನಗಾಗ 30 ವರ್ಷ. ತಮಾಷೆ ಅಂದ್ರೆ ಅದಕ್ಕೂ ಮೊದಲಿನ ಮೂರು ತಿಂಗಳು ನಾನು ದಿನಾ ಪಕ್ಕೆಯ ವ್ಯಾಯಾಮ ಮಾಡ್ತಿದ್ದೆ! ಕಸಿನ್ ಮದುವೆಗೆ ಹೊಲಿಸಿದ್ದ ಬ್ಲೌಸ್ ಕೆಳಗೆ ಇಣುಕುತ್ತಿದ್ದ 'ಟೈರ್' ಕರಗಿಸಬೇಕಿತ್ತು. ರೀಲ್ಸ್ ನೋಡಿ ಎರಡೂ ಕೈಯಲ್ಲಿ ಒಂದೊಂದು ಡಂಬೆಲ್ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗೋದು. ದಿನಕ್ಕೆ ನೂರು ಸಲ. ನನ್ನ ಪಕ್ಕೆ ಕಬ್ಬಿಣ ಅಂದುಕೊಂಡಿದ್ದೆ.

ನಾಲ್ಕು ದಿನ ಮಲಗಿ, ಏಳುವಷ್ಟಾದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನೋವಿನ ಬಿಸಿ ಆರಿದ ಮೇಲೆ, ಎರಡನೇ ವಾರ, ಅವರು ನನ್ನನ್ನು ಮ್ಯಾಟ್ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಮೊಣಕೈ ಊರಿ ಸೊಂಟ ಎತ್ತಿ ಹಿಡಿಯೋಕೆ ಹೇಳಿ ಸ್ಟಾಪ್‌ವಾಚ್ ಒತ್ತಿದರು. ಬಲಗಡೆ 38 ಸೆಕೆಂಡು. ಎಡಗಡೆ 14.

"ನೂರು ಸಲ ಬಾಗ್ತಿದ್ರಲ್ಲ, ಒಂದು ಸಲ ನಿಲ್ಲೋದು ಕಲೀರಿ" ಅಂದ್ರು ಮೇಡಂ. ಆ ಮಾತೇ ಈ ಲೇಖನ.

ಆದರೆ ನನ್ನ ನಿಜವಾದ ತಲೆನೋವು ಸೊಂಟದ್ದಾಗಿರಲಿಲ್ಲ. ಅರಸೀಕೆರೆ ಹತ್ತಿರದ ನಮ್ಮೂರಲ್ಲಿರೋ ಅಮ್ಮನಿಗೆ ಮೇ ತಿಂಗಳಲ್ಲಿ ಮಂಡಿ ಬದಲಾವಣೆಯ ಆಪರೇಷನ್ ನಿಗದಿಯಾಗಿತ್ತು. ಅಪ್ಪ ಇಲ್ಲ, ನಾನೊಬ್ಬಳೇ ಮಗಳು. ಅಜ್ಜಿಗೆ 80 ದಾಟಿದೆ. ಎತ್ತೋದು, ಕೂರಿಸೋದು, ನಡೆಸೋದು ಎಲ್ಲಾ ನನ್ನದೇ. ನನ್ನ ಸುದ್ದಿ ಕೇಳಿದ್ದೇ ತಡ, ಅಮ್ಮ "ಆಪರೇಷನ್ ಮುಂದಕ್ಕೆ ಹಾಕೋಣ ಬಿಡೇ, ನಿನ್ನ ಸೊಂಟ ಮೊದ್ಲು ಸರಿ ಹೋಗ್ಲಿ" ಅಂದಳು. ಎರಡು ವರ್ಷದಿಂದ ನೋವು ನುಂಗಿಕೊಂಡು ಗೋಡೆ ಹಿಡಿದು ನಡೆಯೋಳು ಆಕೆ. ನನ್ನ ಸೊಂಟದಿಂದ ಅವಳ ಮಂಡಿ ಕಾಯಬೇಕಾ? ಕೈಯಲ್ಲಿ ನಾಲ್ಕು ತಿಂಗಳಿತ್ತು.

ಪಕ್ಕೆಯೊಳಗೆ ಏನಿದೆ?

ಎರಡೂ ಕೈಗಳನ್ನು ಪ್ಯಾಂಟಿನ ಮುಂದಿನ ಜೇಬಿಗೆ ಇಳಿಸಿ ನೋಡಿ. ಬೆರಳುಗಳು ಓರೆಯಾಗಿ ಕೆಳಗೆ, ಒಳಗೆ ಹೋಗ್ತವಲ್ಲ, ಹೊಟ್ಟೆಯ ಪಕ್ಕದ ಹೊರಪದರದ ಸ್ನಾಯುವಿನ ಎಳೆಗಳು ಅದೇ ದಿಕ್ಕಿನಲ್ಲಿವೆ. ಇದಕ್ಕೆ ಎಕ್ಸ್‌ಟರ್ನಲ್ ಆಬ್ಲಿಕ್ ಅಂತಾರೆ. ಪಕ್ಕೆಲುಬುಗಳಿಂದ ಶುರುವಾಗಿ ಸೊಂಟದ ಮೂಳೆಯವರೆಗೆ ಇಳಿಯುತ್ತದೆ. ಅದರ ಕೆಳಗೆ ಇಂಟರ್ನಲ್ ಆಬ್ಲಿಕ್. ಅದರ ಎಳೆಗಳು ಇದಕ್ಕೆ ಅಡ್ಡಲಾಗಿ, ಸೊಂಟದಿಂದ ಓರೆಯಾಗಿ ಮೇಲಕ್ಕೆ ಹೋಗುತ್ತವೆ. ಇನ್ನೂ ಒಳಗೆ ಪಟ್ಟಿ ಸುತ್ತಿದ ಹಾಗೆ ಅಡ್ಡ ಹೋಗುವ ಮೂರನೇ ಪದರ. ಪ್ಲೈವುಡ್‌ನಲ್ಲಿ ಮರದ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರ್ತಾರಲ್ಲ, ಹಾಗೇ. ಅದಕ್ಕೇ ತೆಳ್ಳಗಿದ್ದರೂ ಗಟ್ಟಿ.

ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆರಳಿಟ್ಟು ಜೋರಾಗಿ ಒಮ್ಮೆ ಕೆಮ್ಮಿ. ಬೆರಳನ್ನು ಹೊರಗೆ ತಳ್ಳಿತಲ್ಲ, ಅದೇ ಅದು. ಕೆಮ್ಮುವಾಗ, ಸೀನುವಾಗ, ಹೊಟ್ಟೆ ಹುಣ್ಣಾಗೋ ಹಾಗೆ ನಗುವಾಗ ಕೆಲಸ ಮಾಡೋದು ಇವೇ.

ಬಲಕ್ಕೆ ತಿರುಗಬೇಕಾದರೆ ಬಲಗಡೆಯ ಒಳಪದರ ಮತ್ತು ಎಡಗಡೆಯ ಹೊರಪದರ ಜೋಡಿಯಾಗಿ ಎಳೆಯುತ್ತವೆ. ಅಂದರೆ ಎಡ-ಬಲ ಬೇರೆ ಬೇರೆ ತಂಡ ಅಲ್ಲ, ಒಂದೇ ತಂಡ. ಕ್ರಿಕೆಟ್ ನೋಡೋರಿಗೆ 'ಸೈಡ್ ಸ್ಟ್ರೇನ್' ಅನ್ನೋ ಪದ ಗೊತ್ತಿರುತ್ತೆ. ವೇಗದ ಬೌಲರ್‌ಗಳು ಆ ನೋವಿನಿಂದ ಸರಣಿಯಿಂದಲೇ ಹೊರಗುಳಿಯುತ್ತಾರೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಅದು ಆಗುವುದು ಎಡಪಕ್ಕೆಯಲ್ಲಿ, ಈ ಒಳಪದರದಲ್ಲಿ.

ಇವುಗಳ ಮುಖ್ಯ ಕೆಲಸ ತಿರುಗಿಸೋದು ಅಂತ ನಾನು ಅಂದುಕೊಂಡಿದ್ದೆ. ದಿನನಿತ್ಯದಲ್ಲಿ ಅದಕ್ಕಿಂತ ದೊಡ್ಡ ಕೆಲಸ, ಬೇಡದ ತಿರುವನ್ನು ತಡೆಯೋದು. ಕರೆಂಟ್ ಕಂಬಕ್ಕೆ ಪಕ್ಕದಿಂದ ಎಳೆದು ಕಟ್ಟಿರೋ ತಂತಿ ನೋಡಿದ್ದೀರಲ್ಲ? ಅದು ಕಂಬವನ್ನು ಆಡಿಸೋಕಲ್ಲ, ಆಡದಂತೆ ಹಿಡಿಯೋಕೆ. ಸೊಂಟದ ಐದು ಮೂಳೆಗಳೂ ಸೇರಿ ತಿರುಗಬಲ್ಲದ್ದು ಹೆಚ್ಚುಕಮ್ಮಿ 10-15 ಡಿಗ್ರಿ ಅಷ್ಟೆ. ಉಳಿದ ತಿರುವು ಎದೆಯ ಹಿಂದಿನ ಬೆನ್ನಿನಿಂದ, ತೊಡೆಸಂದಿಯಿಂದ ಬರಬೇಕು. ನಾನು ಪಾದ ನೆಲಕ್ಕೆ ಅಂಟಿಸಿಕೊಂಡು, ಬೆನ್ನು ಬಗ್ಗಿಸಿ, 20 ಕೆಜಿ ಭಾರವನ್ನು ಮೈಯಿಂದ ದೂರ ಹಿಡಿದು ಸೊಂಟದಿಂದಲೇ ತಿರುಗಿದ್ದೆ. ಕಂಬ ವಾಲಿತು, ತಂತಿ ಸಡಿಲವಿತ್ತು.

ನಾನು ಮಾಡಿದ ಎರಡು ತಪ್ಪು

ಒಂದು, ಪಕ್ಕೆಯ ವ್ಯಾಯಾಮದಿಂದ ಪಕ್ಕೆಯ ಕೊಬ್ಬು ಕರಗುತ್ತೆ ಅಂತ ನಂಬಿದ್ದು. ಸ್ನಾಯು ತನ್ನ ಮೇಲೆ ಕೂತಿರೋ ಕೊಬ್ಬನ್ನೇ ಆರಿಸಿ ತಿನ್ನೋದಿಲ್ಲ. ಕೊಬ್ಬು ಕರಗಿದರೆ ಇಡೀ ಮೈಯಿಂದ ಕರಗುತ್ತೆ, ಎಲ್ಲಿಂದ ಮೊದಲು ಅನ್ನೋದು ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಊಟ, ನಿದ್ದೆ, ನಡಿಗೆ ಬೇಕು. ಹಾಗಂತ ಸೊಂಟದ ಅಳತೆ ಮರೆಯೋ ಹಾಗೂ ಇಲ್ಲ. ಭಾರತೀಯರಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ದೃಷ್ಟಿಯಿಂದ ಎಚ್ಚರಿಕೆಯ ಗಂಟೆ. ಆದರೆ ಅದು ಬೇರೆ ಲೆಕ್ಕ, ಬಲದ ಲೆಕ್ಕ ಬೇರೆ.

ಎರಡು, ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ಬಾಗಿದ್ದು. ತಕ್ಕಡಿಯ ಎರಡೂ ತಟ್ಟೆಗೆ ಸಮ ತೂಕ ಹಾಕಿದ ಹಾಗೆ! ಒಂದು ಕೈಯ ಭಾರವನ್ನು ಇನ್ನೊಂದು ಕೈಯ ಭಾರವೇ ಸರಿದೂಗಿಸುತ್ತೆ, ಪಕ್ಕೆಗೆ ಕೆಲಸವೇ ಉಳಿಯೋದಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷ ಮೆಕ್ಯಾನಿಕ್ಸ್ ಪಾಸಾದ ನನಗೆ ಇದು ಮೂರು ತಿಂಗಳು ಹೊಳೆಯಲಿಲ್ಲ ಅನ್ನೋದು ನಾಚಿಕೆಯ ವಿಷಯ. ಬಾಗೋದಾದರೆ ಒಂದೇ ಕೈಯಲ್ಲಿ ಭಾರ ಇರಲಿ.

ಶುರು ಮಾಡೋದು ಹೇಗೆ?

ಮೇಡಂ ಕೊಟ್ಟ ಪಟ್ಟಿಯನ್ನು ನಾನು ಮಾಡಿದ ಕ್ರಮದಲ್ಲೇ ಕೊಡ್ತಿದ್ದೀನಿ. ಜಿಮ್ ಬೇಡ. ಒಂದು ಚಾಪೆ, ಒಂದು ಬಕೆಟ್, ಒಂದು ರಬ್ಬರ್ ಬ್ಯಾಂಡ್ ಸಾಕು.

1. ಬಿಗಿ ಹಿಡಿಯೋದು

ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ. ಯಾರೋ ಪಕ್ಕೆಗೆ ಬೆರಳಿಂದ ತಿವಿಯೋಕೆ ಬರ್ತಿದ್ದಾರೆ ಅಂದುಕೊಳ್ಳಿ. ಹೊಟ್ಟೆ ಸುತ್ತಲೂ ತಾನಾಗೇ ಬಿಗಿಯುತ್ತೆ. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳೋದಲ್ಲ, ಫೋಟೋಗೆ ನಿಂತಾಗ ಮಾಡ್ತೀವಲ್ಲ ಅದಲ್ಲ. ಆ ಬಿಗಿಯಲ್ಲೇ ಐದು ಸಲ ನಿಧಾನ ಉಸಿರಾಡಿ. ಉಸಿರು ಕಟ್ಟಬೇಡಿ. ಮುಂದಿನ ಎಲ್ಲ ವ್ಯಾಯಾಮಕ್ಕೂ ಇದೇ ಅಡಿಪಾಯ.

2. ಸೈಡ್ ಪ್ಲ್ಯಾಂಕ್, ಮೂರು ಮೆಟ್ಟಿಲು

ಮೊದಲ ಮೆಟ್ಟಿಲು ಗೋಡೆ. ಗೋಡೆಗೆ ಪಕ್ಕವಾಗಿ ನಿಂತು ಮೊಣಕೈ ಒತ್ತಿ, ಪಾದಗಳನ್ನು ಸ್ವಲ್ಪ ದೂರ ಸರಿಸಿ, ಮೈ ಕೋಲಿನ ಹಾಗೆ ನೇರ ಹಿಡಿಯಿರಿ. ಎರಡನೇ ಮೆಟ್ಟಿಲು ನೆಲದ ಮೇಲೆ, ಮಂಡಿ ಮಡಚಿ, ಮೊಣಕೈ ಮತ್ತು ಮಂಡಿಯ ಆಧಾರದಲ್ಲಿ ಸೊಂಟ ಎತ್ತೋದು. ಮೂರನೇ ಮೆಟ್ಟಿಲು ಕಾಲು ಚಾಚಿ ಪಾದದ ಆಧಾರದಲ್ಲಿ.

ಮೊಣಕೈ ಸರಿಯಾಗಿ ಹೆಗಲ ಕೆಳಗೇ ಇರಲಿ. ಸೊಂಟ ಜೋತು ಬೀಳಬಾರದು, ಮೈ ಮುಂದಕ್ಕೆ ಮಗುಚಬಾರದು. ಹೆಗಲು ನೋಯ್ತಾ ಇದ್ದರೆ ಗೋಡೆಯಲ್ಲೇ ಇರಿ, ಅವಮಾನ ಏನಿಲ್ಲ.

ನಾನು ಮೊದಲ ದಿನವೇ ಒಂದು ನಿಮಿಷ ಹಿಡಿಯೋಕೆ ಹೋಗಿ ಬೈಸಿಕೊಂಡೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಅವರ ಪದ್ಧತಿ ಬೇರೆ. 10 ಸೆಕೆಂಡು ಹಿಡಿ, ಕ್ಷಣ ಬಿಡು, ಮತ್ತೆ ಹಿಡಿ. ಮೊದಲ ಸುತ್ತು 5 ಸಲ, ಎರಡನೇ ಸುತ್ತು 3, ಕೊನೆಗೆ 1. ಸುಸ್ತಾದ ಮೇಲೆ ಭಂಗಿ ಕೆಡುತ್ತೆ, ಕೆಟ್ಟ ಭಂಗಿಯಲ್ಲಿ ಬೆನ್ನು ಕಲಿಯೋದು ಕೆಟ್ಟದ್ದನ್ನೇ. ಹಾಗಾಗಿ ಸುತ್ತು ಸಾಗಿದಂತೆ ಎಣಿಕೆ ಇಳಿಯುತ್ತೆ.

ಎಷ್ಟು ಹೊತ್ತು ಹಿಡಿದರೆ ಚೆನ್ನ? ಮೆಕ್‌ಗಿಲ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಕರ ಸರಾಸರಿ ಸುಮಾರು 95 ಸೆಕೆಂಡು, ಯುವತಿಯರದ್ದು ಸುಮಾರು 75. ನನ್ನ 14 ನೆನಪಿದೆಯಲ್ಲ! ಆದರೆ ಸಂಖ್ಯೆಗಿಂತ ಮುಖ್ಯ, ಎಡ-ಬಲ ಹೆಚ್ಚುಕಮ್ಮಿ ಸಮ ಇರೋದು. ಹಾಗಾಗಿ ದುರ್ಬಲ ಬದಿಯಿಂದಲೇ ಶುರು ಮಾಡಿ, ಆ ಬದಿಗೆ ಒಂದು ಸುತ್ತು ಜಾಸ್ತಿ ಕೊಡಿ.

ಯೋಗ ಮಾಡೋರು ಈಗಾಗಲೇ "ಇದು ನಮ್ಮ ವಸಿಷ್ಠಾಸನ ಅಲ್ವಾ?" ಅಂತಿರಬಹುದು. ಹೌದು, ಅಲ್ಲಿ ಮೊಣಕೈ ಬದಲು ಅಂಗೈ ಊರ್ತೀವಿ, ಅಷ್ಟೆ ವ್ಯತ್ಯಾಸ.

3. ಬರ್ಡ್ ಡಾಗ್

ಅಂಬೆಗಾಲಿಡುವ ಮಗುವಿನ ಹಾಗೆ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. 10 ಸೆಕೆಂಡು. ನಂತರ ಬದಲಾಯಿಸಿ. ಬೆನ್ನ ಮೇಲೆ ಬಿಸಿ ಕಾಫಿ ಲೋಟ ಇದೆ ಅಂದುಕೊಳ್ಳಿ, ಚೆಲ್ಲಬಾರದು. ನೋಡೋಕೆ ಇದು ಬೆನ್ನಿನ ವ್ಯಾಯಾಮ. ಆದರೆ ಸೊಂಟ ಒಂದು ಕಡೆಗೆ ವಾಲದಂತೆ ಹಿಡಿದಿರೋದು ಪಕ್ಕೆ.

4. ಒಂಟಿ ಕೈ ಬಕೆಟ್ ನಡಿಗೆ

ನನಗೆ ಅತಿ ಇಷ್ಟವಾದದ್ದು ಇದೇ. ಒಂದು ಕೈಯಲ್ಲಿ ಕಾಲು ಬಕೆಟ್ ನೀರು, ಅಥವಾ 5 ಕೆಜಿ ಅಕ್ಕಿ ಹಾಕಿದ ಕೈಚೀಲ. ಇನ್ನೊಂದು ಕೈ ಖಾಲಿ. ನೆಟ್ಟಗೆ ನಿಂತು 20-30 ಹೆಜ್ಜೆ ನಡೀರಿ. ಬಕೆಟ್ ಕಡೆಗೂ ವಾಲಬಾರದು, ಅದರ ವಿರುದ್ಧಕ್ಕೂ ವಾಲಬಾರದು. ಕೈ ಬದಲಾಯಿಸಿ ವಾಪಸ್ ಬನ್ನಿ. ಮೂರು ಸಲ. ಬಲಗೈಯಲ್ಲಿ ಭಾರ ಇದ್ದರೆ ಕೆಲಸ ಮಾಡೋದು ಎಡಪಕ್ಕೆ. ಖಾಲಿ ಕೈಯ ಬೆರಳು ಅಲ್ಲಿಟ್ಟು ನೋಡಿ, ಗೊತ್ತಾಗುತ್ತೆ. ವಾರ ಕಳೆದ ಹಾಗೆ ಸ್ವಲ್ಪ ಸ್ವಲ್ಪ ನೀರು ಏರಿಸಿ.

ಇದನ್ನು ಊರಲ್ಲಿ ಅಂಗಳದಲ್ಲಿ ಮಾಡ್ತಿದ್ದಾಗ ಜಗುಲಿ ಮೇಲೆ ಕೂತಿದ್ದ ಅಜ್ಜಿ ಬಿದ್ದೂ ಬಿದ್ದೂ ನಕ್ಕಳು. "ಇದನ್ನ ಕಲಿಯೋಕೆ ಡಾಕ್ಟ್ರಿಗೆ ದುಡ್ಡು ಕೊಟ್ಟ್ಯೇನೇ ಪುಟ್ಟಿ? ನಾನು ದಿನಕ್ಕೆ ಹತ್ತು ಕೊಡ ಸೇದಿ ತರ್ತಿದ್ದೆ. ಒಂದು ಕೊಡ ಈ ಸೊಂಟದ ಮ್ಯಾಲೆ, ಇನ್ನೊಂದು ಸಲ ಆ ಸೊಂಟದ ಮ್ಯಾಲೆ. ಒಂದೇ ಕಡೆ ಇಟ್ರೆ ಸೊಂಟ ಸೊಟ್ಟಗಾಯ್ತದೆ ಅಂತ ನಮ್ಮತ್ತೆ ಬಯ್ಯೋಳು."

ಹಿಂದಿನವರೆಲ್ಲ ಕಲ್ಲಿನ ಹಾಗಿದ್ದರು ಅಂತ ಹೇಳೋಕೆ ಇದನ್ನು ಬರೀತಿಲ್ಲ. ಅಜ್ಜಿಗೂ ಬೆನ್ನು ಬಾಗಿದೆ, ರಾತ್ರಿ ಎಣ್ಣೆ ಹಚ್ಚದೆ ನಿದ್ದೆ ಬರೋಲ್ಲ. ಆದರೆ 'ಬದಿ ಬದಲಾಯಿಸು' ಅನ್ನೋ ಒಂದು ಬುದ್ಧಿಮಾತು ಆ ಅತ್ತೆಗೆ ಗೊತ್ತಿತ್ತು, ವರ್ಷಗಟ್ಟಲೆ ಲ್ಯಾಪ್‌ಟಾಪ್ ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡ ನನಗೆ ಗೊತ್ತಿರಲಿಲ್ಲ.

5. ಬ್ಯಾಂಡ್ ತಳ್ಳೋದು

ಅಮೆರಿಕದ ಫಿಸಿಯೋಥೆರಪಿಸ್ಟ್ ಜಾನ್ ಪಾಲಫ್ ಹೆಸರಿನಲ್ಲಿ ಇದಕ್ಕೆ ಪಾಲಫ್ ಪ್ರೆಸ್ ಅಂತಾರೆ. ಬ್ಯಾಂಡನ್ನು ಎದೆಯ ಎತ್ತರಕ್ಕೆ ಗಟ್ಟಿಯಾದ ಕಿಟಕಿ ಸರಳಿಗೆ ಕಟ್ಟಿ. ಕಿಟಕಿಗೆ ಪಕ್ಕವಾಗಿ ನಿಂತು ಎರಡೂ ಕೈಯಿಂದ ಬ್ಯಾಂಡನ್ನು ಎದೆಗೆ ಹಿಡಿಯಿರಿ. ಈಗ ಕೈಗಳನ್ನು ನೇರ ಮುಂದಕ್ಕೆ ತಳ್ಳಿ. ಬ್ಯಾಂಡ್ ನಿಮ್ಮನ್ನು ಕಿಟಕಿಯ ಕಡೆ ತಿರುಗಿಸೋಕೆ ಎಳೆಯುತ್ತೆ, ನೀವು ತಿರುಗಬಾರದು. ಕೈ ಚಾಚಿದಷ್ಟೂ ಎಳೆತ ಜೋರು. ಮೂರು ಸೆಕೆಂಡು ತಡೆದು ವಾಪಸ್ ತನ್ನಿ. ಎರಡೂ ಬದಿ 10 ಸಲ. ಕ್ಯಾನ್ ಹಿಡಿದಾಗ ನನ್ನ ಪಕ್ಕೆ ಮಾಡಬೇಕಾಗಿದ್ದ ಕೆಲಸ ಸರಿಯಾಗಿ ಇದೇ.

6. ಕೊನೆಗೆ ತಿರುಗೋದು

ಏಳೆಂಟು ವಾರ ತಡೆಯೋದು ಕಲಿತ ಮೇಲಷ್ಟೇ ಮೇಡಂ ತಿರುಗೋಕೆ ಬಿಟ್ಟರು. 2 ಕೆಜಿ ಭಾರವನ್ನು ಎರಡೂ ಕೈಯಲ್ಲಿ ಹಿಡಿದು ಬಲ ತೊಡೆಯ ಹತ್ತಿರದಿಂದ ಎಡ ಹೆಗಲಿನವರೆಗೆ ಓರೆಯಾಗಿ ಏರಿಸೋದು. ಗುಟ್ಟು ಇರೋದು ಪಾದದಲ್ಲಿ. ಎಡಕ್ಕೆ ತಿರುಗುವಾಗ ಬಲ ಹಿಮ್ಮಡಿ ಎದ್ದು ಬಲ ಪಾದವೂ ತಿರುಗಬೇಕು, ಸೊಂಟ-ಎದೆ ಒಟ್ಟಿಗೆ ಹೋಗಬೇಕು. ಮೈಸೂರಿನ ಗರಡಿ ಮನೆಯಲ್ಲಿ ಗದೆ ತಿರುಗಿಸೋರನ್ನು ನೋಡಿದ್ದರೆ ಇದು ಬೇಗ ಅರ್ಥ ಆಗುತ್ತೆ. ತಲೆಯ ಸುತ್ತ ಭಾರ ಸುತ್ತುತ್ತಾ ಇರುತ್ತೆ, ಮೈಯ ನಡುಭಾಗ ಮಾತ್ರ ಕಂಬದ ಹಾಗೆ ನಿಂತಿರುತ್ತೆ.

ಕೂತು, ಕಾಲೆತ್ತಿ, ಬೆನ್ನು ಗೂನು ಮಾಡಿಕೊಂಡು ಸರಸರ ತಿರುಗುವ 'ರಷ್ಯನ್ ಟ್ವಿಸ್ಟ್' ನನಗೆ ಬೇಡವೇ ಬೇಡ ಅಂದರು. ಗಟ್ಟಿ ಬೆನ್ನಿನವರಿಗೆ ಅದು ಆಗಬಹುದು. ಒಮ್ಮೆ ಚಳಕು ಹಿಡಿದವರಿಗೆ ಬಗ್ಗಿ ತಿರುಗೋದು ಅಂದರೆ ಗಾಯದ ಮೇಲೆ ಬರೆ.

ವಾರಕ್ಕೆ ಎಷ್ಟು?

ಮೂರು ದಿನ, ದಿನಕ್ಕೆ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅನ್ನುತ್ತೆ, ಅದರ ಜೊತೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು. ಎದ್ದ ತಕ್ಷಣ ಮಾಡಬೇಡಿ. ರಾತ್ರಿಯೆಲ್ಲ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬಗ್ಗಿದರೆ ಒತ್ತಡ ಜಾಸ್ತಿ. ಎದ್ದು ಓಡಾಡಿ, ಕಾಫಿ ಕುಡಿದು ಆಮೇಲೆ ಶುರು ಮಾಡಿ. ನಾನು ಸಂಜೆ ಲಾಗ್‌ಔಟ್ ಆದ ಕೂಡಲೇ ಮಾಡ್ತೀನಿ. 'ಇನ್ನೊಂದು ಮೇಲ್ ನೋಡಿ ಬರ್ತೀನಿ' ಅಂದುಕೊಂಡ ದಿನ ಮಾಡೋದಿಲ್ಲ, ಗೊತ್ತು.

ಇವರು ಮಾತ್ರ ಮೊದಲು ಡಾಕ್ಟರ್ ಕೇಳಿ

ಗರ್ಭಿಣಿಯರು, ಇತ್ತೀಚೆಗೆ ಹೆರಿಗೆ ಅಥವಾ ಸಿಸೇರಿಯನ್ ಆದವರು, ಹರ್ನಿಯಾ, ಬಿಪಿ ಇರುವವರು, ಮೂಳೆ ಸವೆತದ ಹಿರಿಯರು. ನೋವು ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ, ಕಾಲಿನ ಬಲ ಕಡಿಮೆಯಾದರೆ, ಜ್ವರದ ಜೊತೆ ಬೆನ್ನು ನೋವಿದ್ದರೆ ತಡ ಮಾಡದೆ ತೋರಿಸಿ. ಮೂತ್ರ-ಮಲದ ಹಿಡಿತ ತಪ್ಪಿದರೆ ಅದು ತುರ್ತು, ಆವತ್ತೇ ಆಸ್ಪತ್ರೆಗೆ ಹೋಗಬೇಕು. ವ್ಯಾಯಾಮ ಮಾಡುವಾಗ ಸ್ನಾಯು ಉರಿದರೆ ಸರಿ, ಚುಚ್ಚಿದರೆ ನಿಲ್ಲಿಸಿ.

ಆ ರಾತ್ರಿ

ಹತ್ತು ವಾರದ ಮೇಲೆ ಮೇಡಂ ಮತ್ತೆ ಸ್ಟಾಪ್‌ವಾಚ್ ಒತ್ತಿದರು. ಬಲಗಡೆ 52, ಎಡಗಡೆ 47. ಹೊರಗೆ ಬಂದು ಮೊದಲು ಮಾಡಿದ ಫೋನ್ ಅಮ್ಮನಿಗೆ. "ಡೇಟ್ ಬದಲಾಯಿಸೋದು ಬೇಡ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಂಗೆ ರಜಾ ಸಿಗತ್ತೇನೇ?" ಅಂತಷ್ಟೇ ಕೇಳಿದಳು.

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೊದಲ ರಾತ್ರಿ, ಎರಡು ಗಂಟೆ ಇರಬಹುದು, ಅಮ್ಮ ಮೆಲ್ಲಗೆ ಕರೆದಳು. ಬಾತ್‌ರೂಮಿಗೆ ಹೋಗಬೇಕು. ಮೇಡಂ ಹೇಳಿಕೊಟ್ಟದ್ದನ್ನು ಮನಸ್ಸಿನಲ್ಲೇ ಒಂದೊಂದಾಗಿ ಓದಿಕೊಂಡೆ. ಹತ್ತಿರ ನಿಲ್ಲು. ಪಾದ ಅಗಲ ಇಡು. ಮಂಡಿ ಮಡಚು, ಬೆನ್ನಲ್ಲ. ಬಿಗಿ ಹಿಡಿ, ಉಸಿರಾಡು. ಸೊಂಟದಿಂದ ತಿರುಗಬೇಡ, ಪಾದದಿಂದ ತಿರುಗು.

ಕಾಲನ್ನು ಮಂಚದಿಂದ ಇಳಿಸಿದೆ. ಅವಳು ಒಂದು ಕೈ ಮಂಚಕ್ಕೆ ಊರಿ, ಇನ್ನೊಂದು ನನ್ನ ಹೆಗಲ ಮೇಲಿಟ್ಟು ಎದ್ದಳು. ಅರ್ಧ ಎದ್ದಾಗ ಕಾಲು ತಡೆಯದೆ ಮೈಭಾರವೆಲ್ಲ ಒಮ್ಮೆಲೇ ನನ್ನ ಬಲಕ್ಕೆ ವಾಲಿತು. ಜನವರಿಯ ಆ ಸೋಮವಾರ ಒಂದು ಕ್ಷಣ ಕಣ್ಣೆದುರು ಬಂದು ಹೋಯಿತು. ಎಡಪಕ್ಕೆ ಬಿಗಿಯಾಯಿತು. ನಾನು ವಾಲಲಿಲ್ಲ. ಅವಳೂ ಬೀಳಲಿಲ್ಲ.

ವಾಕರ್ ಹಿಡಿದು ನಿಂತ ಅಮ್ಮ, "ಏನೇ, ಗಟ್ಟಿಯಾಗಿದ್ದೀಯಲ್ಲೇ" ಅಂದಳು.

ಈಗ ಅಮ್ಮ ಅಂಗಳದ ತುದಿಯವರೆಗೆ ಕೋಲಿಲ್ಲದೆ ನಡೀತಾಳೆ. ನನ್ನ ಟೈರ್? ಇದೆ, ಸ್ವಲ್ಪ ಕಡಿಮೆಯಾಗಿದೆ, ಆ ಬ್ಲೌಸ್ ಈಗಲೂ ಬಿಗಿಯೇ. ಕ್ಯಾನ್ ಮಾತ್ರ ವಾರಕ್ಕೆರಡು ಸಲ ನಾನೇ ಎತ್ತಿಡ್ತೀನಿ, ಇಯರ್‌ಫೋನ್ ತೆಗೆದಿಟ್ಟು, ಪಾದ ತಿರುಗಿಸಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಗೋಡೆಯ ಪಕ್ಕ ನಿಂತು ಮೊಣಕೈ ಒತ್ತಿ 10 ಸೆಕೆಂಡು ಹಿಡಿದು ನೋಡಿ. ಮೊದಲು ಎಡ, ಆಮೇಲೆ ಬಲ. ಯಾವ ಕಡೆ ನಡುಗುತ್ತೋ, ಅಲ್ಲಿಂದ ಶುರು ಮಾಡಿ.